ಅತ್ತೆಯ ನೂರು ಪ್ರಶ್ನೆಗಳು

ಇವತ್ತು ಬೆಳಗ್ಗೆ, ಮೂಲೆಗೆ ಬಿದ್ದಿದ್ದ ಹಳೆಯ ಜೋಳದ ಹಿಟ್ಟಿನ ಡಬ್ಬ ತೊಳೆಯೋಣವೆಂದು ಬೋರಲು ಹಾಕಿದರೆ ತಳದಿಂದ ಒಂದು ಚೀಟಿ ಉದುರಿತು. ಮುಗ್ಗಲು ವಾಸನೆ. ಒಂದು ಬದಿಗೆ ನಾನು ಇಂಗ್ಲಿಷಿನಲ್ಲಿ ಬರೆದ ಪ್ರಶ್ನೆ: ರಾಜ್ಯಗಳಿಗೆ ಮಾತ್ರ ಸೇರಿದ ಅಧಿಕಾರ ಒಂದನ್ನು ಹೇಳಿ. ಇನ್ನೊಂದು ಬದಿಗೆ ಅತ್ತೆಯ ದಪ್ಪ ಕನ್ನಡ ಅಕ್ಷರದಲ್ಲಿ ಉತ್ತರ: ಸ್ಕೂಲ್ಸ್, ಪೊಲೀಸ್. ಡಬ್ಬ ಅಲ್ಲೇ ಬಿಟ್ಟು ಕೂತುಬಿಟ್ಟೆ.

ನಮ್ಮತ್ತೆ ಗದಗಿನವರು. ಮಾವ ತೀರಿಕೊಂಡ ಮೇಲೆ ಅಮೆರಿಕದ ಶೋರ್‌ಲೈನ್ ಊರಿನ ನಮ್ಮ ಮನೆಗೆ ಬಂದವರು. ಗ್ರೀನ್ ಕಾರ್ಡಿನವರು ಈ ದೇಶ ಬಿಟ್ಟು ಬಹಳ ದಿನ ಇರುವಂತಿಲ್ಲ. ಊರಲ್ಲಿ ಅವರಿಗೆ ಉಳಿದವಳು ಒಬ್ಬಳೇ ತಂಗಿ ಶಾಂತವ್ವ, ಕಿಡ್ನಿ ಕೆಟ್ಟವಳು. ಅಮೆರಿಕದ ಪ್ರಜೆಯಾಗಿಬಿಟ್ಟರೆ ತಂಗಿಯ ಹತ್ತಿರ ಬೇಕಾದಷ್ಟು ದಿನ ಇರಬಹುದು. ಹೌದು, ಗದಗಿನಲ್ಲಿ ಇರುವುದಕ್ಕಾಗಿ ಅಮೆರಿಕದವರಾಗಬೇಕಿತ್ತು. ನಗಬೇಡಿ, ಇಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಕಥೆ.

ಪ್ರಜೆಯಾಗುವ ಪರೀಕ್ಷೆಗೆ ನೂರು ಪ್ರಶ್ನೆ ಕಲಿಯಬೇಕು, ಅದರಲ್ಲಿ ಹತ್ತು ಕೇಳುತ್ತಾರೆ. ಪ್ರಶ್ನೆಗೊಂದು ಚೀಟಿ ಮಾಡಿದೆವು. ಮೇಡಂ ನಾನೇ. ಇಡೀ ಶಾಲೆಗೆ ಮೊದಲು ಬಂದವಳಲ್ಲವೇ ನಾನು, ಉರು ಹೊಡೆದು! ಫ್ರಿಜ್ಜಿನ ಮೇಲೆ ವೇಳಾಪಟ್ಟಿ ಅಂಟಿಸಿದೆ. ನಾಲ್ಕನೇ ಇಯತ್ತೆ ಓದಿದ ಅತ್ತೆ ರೊಟ್ಟಿ ಬಡಿಯುತ್ತ, ಮಗ್ಗಿ ಒಪ್ಪಿಸುವ ಹಾಗೆ ಒಂದರಿಂದ ನೂರರವರೆಗೆ ಒಪ್ಪಿಸುತ್ತಿದ್ದರು. ಒಮ್ಮೆ ಕೇಳಿದರು, "ಈ ಒಕ್ಕೂಟ ಅಂದ್ರ ಏನವಾ?"

"ದೆಹಲಿ ಸರ್ಕಾರ ಬೇರೆ, ಬೆಂಗಳೂರು ಸರ್ಕಾರ ಬೇರೆ ಅಲ್ವಾ ಅತ್ತೆ, ಹಾಗೆ."

"ಅಂದ್ರ ತುಂಬಿದ ಮನಿ ಅನ್ನು. ಒಲಿ ಒಂದ, ಟ್ರಂಕ್ ಬ್ಯಾರೆ ಬ್ಯಾರೆ."

ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು. ಒಪ್ಪಿಕೊಳ್ಳಲಿಲ್ಲ, ಬಿಡಿ.

ಪರೀಕ್ಷೆಗೆ ಎರಡು ವಾರವಿದ್ದಾಗ ಗದಗಿನಿಂದ ಫೋನು ಬಂತು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಶಾಂತವ್ವಗ ಭಾಳ ಆರಾಮಿಲ್ಲಂತ. ಹತ್ತು ದಿನ ಹೋಗಿ ಬರ್ಲೇನು?"

"ಮೊದ್ಲು ಎಕ್ಸಾಮ್ ಮುಗಿಸಿ ಅತ್ತೆ. ಆಮೇಲೆ ಆರಾಮಾಗಿ ಹೋಗಿ."

ಪರೀಕ್ಷೆಯ ಅಧಿಕಾರಿ ಒಳ್ಳೆಯ ಹೆಂಗಸಂತೆ, ನಗುನಗುತ್ತಲೇ ಮಾತಾಡಿಸಿದಳಂತೆ. ಆದರೆ ಹೊರಗೆ ಬಂದ ಅತ್ತೆಯ ಮುಖ ಬಿಳಿಚಿಕೊಂಡಿತ್ತು. "ಆಕಿ ನಡಬರಕಿಂದ ಕೇಳಿದ್ಲು. ನಾ ಮನಸ್ಸಿನ್ಯಾಗ ಒಂದರಿಂದ ಶುರು ಮಾಡಿದೆ. ಅಲ್ಲೀ ತನಕ ಮುಟ್ಟೂದ್ರಾಗ ಮುಂದಿಂದು ಕೇಳಿದ್ಲು."

ಹತ್ತರಲ್ಲಿ ಆರು ಬೇಕಿತ್ತು, ಮೂರು ಬಂದಿತ್ತು. ಅಡ್ಡಾದಿಡ್ಡಿ ಕೇಳುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಆ ಚೀಟಿಗಳನ್ನು ಕಲಸಿ ಕೇಳಿರಲಿಲ್ಲ. ಮುದುಕಿ ನೂರನ್ನೂ ಗಡಗಡ ಹೇಳುವುದನ್ನು ಕೇಳಿ ನಾನೇ ಉಬ್ಬಿಹೋಗಿದ್ದೆ.

ಎರಡು ತಿಂಗಳ ನಂತರಕ್ಕೆ ಇನ್ನೊಂದು ಅವಕಾಶ ಕೊಟ್ಟರು. ಅತ್ತೆ ಮತ್ತೆ ಕೇಳಿದರು, "ನಡುವ ಹೋಗಿ ಬಂದೇನಲ್ಲ?" ನಾನು ಏನೆಂದೆ ಗೊತ್ತೇ? "ಹೋದ್ರೆ ಕಲ್ತಿದ್ದೆಲ್ಲ ಮರ್ತೋಗತ್ತೆ ಅತ್ತೆ. ಎರಡೇ ತಿಂಗಳು ತಾನೆ." ಅವರು ಉಳಿದುಬಿಟ್ಟರು. ಐದನೇ ವಾರ ಶಾಂತವ್ವ ಹೋಗಿಬಿಟ್ಟಳು. ಇಷ್ಟು ದೂರದಿಂದ ಅವಳ ಮಣ್ಣಿಗೂ ಹೋಗಿ ಮುಟ್ಟುವಂತಿರಲಿಲ್ಲ. ಅತ್ತೆ ಸ್ನಾನ ಮಾಡಿ ಬಂದು ಚೀಟಿಗಳನ್ನು ತಾವೇ ಕಲಸಿ, "ಕೇಳು" ಎಂದು ನನ್ನ ಮುಂದೆ ಕೂತರು. ನಾನು ಮೇಲಿನ ಚೀಟಿ ಎತ್ತಿ ಓದಿದೆ.

ಎರಡನೇ ಸಲ ಒಂದೂ ತಪ್ಪಲಿಲ್ಲ. ಪ್ರಮಾಣವಚನ ಮುಗಿಸಿ ಬರುವಾಗ ಕಾರಿನಲ್ಲಿ ಕೇಳಿದರು, "ಇನ್ನ ಎಷ್ಟು ದಿನಾ ಬೇಕಾದ್ರೂ ಗದಗಿನ್ಯಾಗ ಇರಬಹುದಲ್ಲ?"

"ಹೂಂ ಅತ್ತೆ."

"ಯಾರ ಮನ್ಯಾಗ?"

ಆಮೇಲೆ ಅವರು ಊರಿಗೆ ಹೋಗಲೇ ಇಲ್ಲ. ಆದರೆ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಇವತ್ತೂ ನಾನು ಚೀಟಿ ಹಿಡಿದು ಹೋದಾಗ, ಊಟದ ಮೇಜಿನಲ್ಲಿ ಅದರ ಲಕೋಟೆಗೆ ಸಹಿ ಹಾಕುತ್ತಿದ್ದರು. ಚೀಟಿ ಮುಂದಿಟ್ಟೆ. ಇಷ್ಟು ವರ್ಷ ಹೇಳದೆ ಉಳಿದಿದ್ದು ಬಾಯಿಗೆ ಬಂದುಬಿಟ್ಟಿತು. "ನಿಮ್ಮನ್ನ ಅವತ್ತು ಕಳಿಸ್ಬೇಕಿತ್ತು ಅತ್ತೆ. ತಪ್ಪು ನಂದೇ."

'ಇರಲಿ ಬಿಡವಾ' ಅನ್ನುತ್ತಾರೆಂದು ಕಾದೆ. ಸುಳ್ಳೇಕೆ, ಅದಕ್ಕೇ ಹೇಳಿದ್ದೆ. ಅತ್ತೆ ಚೀಟಿಗೆ ಮೆತ್ತಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದರು.

"ಹೌದವಾ. ಕಳಸಬೇಕಾಗಿತ್ತು."

ಆಮೇಲೆ ಲಕೋಟೆಯನ್ನು ನನ್ನ ಕಡೆಗೆ ಸರಿಸಿ, "ಇದನ್ನ ಪೋಸ್ಟಿನ ಡಬ್ಬಿಗೆ ಹಾಕಿ ಬಾ. ತಡಾ ಮಾಡಬ್ಯಾಡ" ಎಂದರು. ನಾನು ಕೋಟು ಹಾಕಿಕೊಂಡು ಹೊರಟೆ.