ಕೆರೆಯ ಬೆಳ್ಳಕ್ಕಿ, ಕೆಂಚಣ್ಣನ ರುಮಾಲು

ಆದೋನಿಯ ಮದುವೆ ಆಲ್ಬಮ್ಮುಗಳಲ್ಲಿ ಕಪ್ಪು ಜನ ಇರುವುದಿಲ್ಲ. ಹೊಲದಲ್ಲಿ, ಮಾರ್ಕೆಟ್ಟಿನಲ್ಲಿ, ಬಸ್ಸಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಆಲ್ಬಮ್ಮಿನೊಳಗೆ ಮಾತ್ರ ಎಲ್ಲರೂ ಹಾಲಿನಲ್ಲಿ ಮುಳುಗಿ ಎದ್ದವರೇ. ಈ ಪವಾಡ ನಡೆಸುವವಳು ಸುಷ್ಮಿತಾ. ಹೊಳಗುಂದದ ಕುರಿಗಾಹಿ ಕೆಂಚಣ್ಣನ ಒಬ್ಬಳೇ ಮಗಳು. ದಿನಾ ಬಸ್ಸು ಹತ್ತಿ ಆದೋನಿಗೆ ಹೋಗಿ, ಬಾಲರಾಜನ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಹೆತ್ತವರೇ ಬಂದು, "ನಮ್ಮ ಹುಡುಗಿನ್ನ ಸ್ವಲ್ಪ ತೆಲ್ಲಗ ಮಾಡಮ್ಮ" ಎಂದು ತೆಲುಗು ಬೆರೆಸಿ ಬೆಳ್ಳಗಾಗಿಸಲು ಕೇಳುತ್ತಾರೆ. ಆಕೆ ಬೆಳಕು ಏರಿಸುತ್ತಾಳೆ. ಆಮೇಲೆ ಸೀರೆಯ ಜರಿ ಎದ್ದು ಕಾಣಲೆಂದು ಅಂಚುಗಳನ್ನೆಲ್ಲ ಚೂಪು, ಅಂದರೆ ಶಾರ್ಪ್, ಮಾಡುತ್ತಾಳೆ. ಎಲ್ಲರಿಗೂ ಸಂತೋಷ.

ಕೆಂಚಣ್ಣ ತೀರಿಕೊಂಡಾಗ ಅಪ್ಪನಿಗೂ ಅದನ್ನೇ ಮಾಡಿದಳು. ಅವನಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ, ಕುರಿಗಳ ಹಿಂದೆ ಅವಿತುಕೊಳ್ಳುತ್ತಿದ್ದ. ಇದ್ದದ್ದು ಒಂದೇ ಫೋಟೋ. ಕೆಲಸ ಕಲಿಯುವಾಗ ಆಕೆಯೇ ಕೆರೆ ಏರಿಯ ಮೇಲೆ ಬಲವಂತವಾಗಿ ನಿಲ್ಲಿಸಿ ತೆಗೆದದ್ದು. ಹಿಂದೆ ಹೊಳೆಯುವ ನೀರು, ಮುಂದೆ ಬಿಳಿ ರುಮಾಲಿನ ಅಪ್ಪ, ಮುಖವೆಲ್ಲ ನೆರಳು. ಹೆಸರು ಕೆಂಚಣ್ಣನಾದರೂ ಮನುಷ್ಯನ ಬಣ್ಣ ಇದ್ದಿಲು. ಮುಖ ಕಾಣುವ ತನಕ ಬೆಳಕು ಏರಿಸಿದಳು, ಕೈಗೆ ರೂಢಿ ಬಿದ್ದದ್ದರಿಂದ ಇನ್ನೂ ಏರಿಸಿದಳು. ನೀರು ಮಾಯವಾಯಿತು, ರುಮಾಲು ಸುಣ್ಣದ ಉಂಡೆಯಾಯಿತು. ಕಟ್ಟು ಹಾಕಿಸಿ ಮನೆಗೆ ತಂದಳು.

ಅವ್ವ ಜಂಬಮ್ಮ ಬಹಳ ಹೊತ್ತು ನೋಡಿ, "ಯಾರವ್ವಾ ಇವ?" ಎಂದಳು.

ಹಿರಿಯರ ಅಮಾವಾಸ್ಯೆಗೆ ಸತ್ತವರ ಮುಂದೆ ಎಡೆ ಇಡುವುದು ರೂಢಿ. ಅಂದು ಅವರು ಬಂದು ಉಂಡು ಹೋಗುತ್ತಾರಂತೆ. ಜಂಬಮ್ಮ ಫೋಟೋವನ್ನು ಗೋಡೆಗೇ ಬಿಟ್ಟು, ಗಂಡನ ಕಂಬಳಿ ಮಡಚಿಟ್ಟು ಅದರ ಮುಂದೆ ಎಡೆ ಇಟ್ಟಳು.

"ಆ ಬೆಳ್ಳನ್ನ ಮನಿಷ್ಯಾಗ ನಾ ಎಡಿ ಇಡಂಗಿಲ್ಲ. ನಿಮ್ಮಪ್ಪಗ ಮನಿ ಗುರುತು ಸಿಗಂಗಿಲ್ಲ."

ಆಗ ಸುಷ್ಮಿತಾ ನಕ್ಕಿದ್ದಳು. ಕೆಲವು ತಿಂಗಳಾದ ಮೇಲೆ ಒಂದು ಸಂಜೆ, ಮನೆಗೆ ಬರುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಅಪ್ಪನನ್ನು ನೆನೆದರೆ, ಬಂದವನು ಗೋಡೆಯ ಮೇಲಿನ ಆ ಬಿಳಿ ಮನುಷ್ಯ. ಮತ್ತೆ ನೆನೆದಳು, ಮತ್ತೆ ಅವನೇ ಬಂದ. ಅಪ್ಪನನ್ನು ತಾನೇ ಅಳಿಸಿಬಿಟ್ಟೆನಲ್ಲ ಎಂದು ಆಕೆಗೆ ಅಳು ಬಂತು. ಮರುದಿನ ಮೂಲ ಚಿತ್ರ ತೆರೆದಳು. ಆದರೆ ಆ ನೆರಳಿಗೆ ಎಷ್ಟು ಬೆಳಕು ಕೊಟ್ಟು ಎಲ್ಲಿ ನಿಲ್ಲಿಸಬೇಕು? ಮುಖವೇ ಮರೆತವಳಿಗೆ ಅದು ಹೇಗೆ ಗೊತ್ತಾಗಬೇಕು?

ಆಷಾಢದಲ್ಲಿ ಮದುವೆಗಳಿಲ್ಲ. ಅಪ್ಪ ನಿಂತಿದ್ದ ಜಾಗದ ಬೆಳಕನ್ನೇ ಕಲಿಯಬೇಕೆಂದು ಸ್ಟುಡಿಯೋದ ಕ್ಯಾಮೆರಾ ಕೇಳಿ ತಂದು, ಬೆಳಗಾಗುತ್ತಲೇ ಅವ್ವನ ಜೊತೆ ಕುರಿ ಹೊಡೆದುಕೊಂಡು ಕೆರೆಗೆ ಹೋಗತೊಡಗಿದಳು. ಅರ್ಧ ತುಂಬಿದ ಕೆರೆ ಆ ಹೊತ್ತಿನಲ್ಲಿ ಇನ್ನೂ ಎಚ್ಚರವಾಗಿರುತ್ತಿರಲಿಲ್ಲ. ಆಕಾಶ ಯಾವುದು, ನೀರು ಯಾವುದು ತಿಳಿಯದ ಮಂಕಿನಲ್ಲಿ ಒಂದು ಬೆಳ್ಳಕ್ಕಿ ತನ್ನ ನೆರಳಿನ ಮೇಲೆ ತಾನೇ ನಿಂತಿರುತ್ತಿತ್ತು. ಕುರಿಗಳ ಗಂಟೆ ಎಲ್ಲೋ ದೂರದಲ್ಲಿ ಕೇಳಿ ನಿಲ್ಲುತ್ತಿತ್ತು. ಅಪ್ಪ ಬೆನ್ನ ಹಿಂದೆಯೇ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಾನೆ ಎನಿಸಿ ಒಮ್ಮೆ ತಿರುಗಿಯೂ ನೋಡಿದಳು.

ಮೊದಲ ದಿನ ತೆಗೆದ ಬೆಳ್ಳಕ್ಕಿಯ ಚಿತ್ರವನ್ನು ಅವ್ವನಿಗೆ ತೋರಿಸಿದಳು.

"ಇದೇನವ್ವ, ಹತ್ತಿ ಅಂಡಿಗಿ ನೀರಾಗ ಬಿದ್ದೈತಿ?"

ನಿಜವೇ, ಹತ್ತಿಯ ಮೂಟೆಯಂತೆಯೇ ಇತ್ತು. ಮದುಮಗಳಿಗೆ ಕೊಡುವಷ್ಟೇ ಬೆಳಕು ಹಕ್ಕಿಗೂ ಕೊಟ್ಟಿದ್ದಳು. ಬಿಳುಪಿನಲ್ಲಿ ಒಂದು ಗರಿಯೂ ಉಳಿದಿರಲಿಲ್ಲ. ಮರುದಿನ ಬೆಳಕು ಇಳಿಸಿದಳು, ನೀರು ಕಪ್ಪಾದರೆ ಆಗಲಿ ಎಂದು ಇನ್ನಷ್ಟು ಇಳಿಸಿದಳು. ಗರಿಗಳು ಒಂದೊಂದಾಗಿ ಬಿಡಿಸಿಕೊಂಡು ಕಂಡವು. ಕಂಪ್ಯೂಟರಿನಲ್ಲಿ ಹಳೇ ಚಾಳಿಯಂತೆ ಚೂಪು ಮಾಡಿದರೆ ನೀರೆಲ್ಲ ನುಚ್ಚು ಸುರಿದಂತಾಯಿತು, ಹಕ್ಕಿಯ ಸುತ್ತ ಸೀಮೆಸುಣ್ಣದ ಗೆರೆ ಎದ್ದಿತು. ಅಷ್ಟನ್ನೂ ಅಳಿಸಿ, ಕಣ್ಣು ಕೊಕ್ಕಿಗೆ ಮಾತ್ರ ಚೂಪು ಕೊಟ್ಟು, ನೀರನ್ನು ಅದರ ನಿದ್ದೆಗೆ ಬಿಟ್ಟಳು.

"ಈಗ ಬೆಳ್ಳಕ್ಕಿ ಆತು ನೋಡು" ಎಂದಳು ಜಂಬಮ್ಮ.

ಆ ವಾರವೇ ಸುಷ್ಮಿತಾ ಅಪ್ಪನ ಮೂಲ ಚಿತ್ರವನ್ನು ಮತ್ತೆ ತೆರೆದಳು. ಈ ಸಲ ಮುಖ ನೋಡಲಿಲ್ಲ, ಬೆಳ್ಳಕ್ಕಿಯ ಗರಿ ನೋಡಿದ ಹಾಗೆ ರುಮಾಲು ನೋಡಿದಳು. ಸ್ವಲ್ಪ ಸ್ವಲ್ಪವೇ ಬೆಳಕು ಏರಿಸುತ್ತ, ರುಮಾಲಿನ ಸುತ್ತುಗಳು ಮಸುಕಾಗತೊಡಗಿದ ಕೂಡಲೇ ಕೈ ಹಿಂದೆಗೆದಳು. ಅಷ್ಟೇ ಬೆಳಕಿನಲ್ಲಿ ಮುಖ ಎಷ್ಟು ಬರುತ್ತದೋ ಅಷ್ಟು ಬರಲಿ ಎಂದು ಕಾದಳು. ಕಣ್ಣಿಗೆ ಮಾತ್ರ ಚೂಪು ಕೊಟ್ಟಳು. ವರ್ಷಗಟ್ಟಲೆ ಬಿಸಿಲಿಗೆ ಕಿರಿದಾದ ಒಂದು ಕಣ್ಣು, "ಮುಗೀತೇನವ್ವ, ಕುರಿ ಹೋಗ್ಯಾವ" ಎನ್ನುವ ತುಟಿ. ಆಕೆ ಬಾಯಿಗೆ ಸೆರಗು ಒತ್ತಿಕೊಂಡಳು.

ಹಿಂದಿನಿಂದ ಇಣುಕಿದ ಬಾಲರಾಜನಿಗೆ ಸರಿಬರಲಿಲ್ಲ, ಹೆಸರು ಹೋದೀತೆಂಬ ಚಿಂತೆ. "ಇಷ್ಟು ಕಪ್ಪು ಪ್ರಿಂಟ್ ನಮ್ಮ ಸ್ಟುಡಿಯೋದಿಂದ ಹೋದ್ರ ಪೇರು ಪೋತುಂದಮ್ಮಾ."

"ಸ್ಟುಡಿಯೋ ಹೆಸರು ಹಾಕಬ್ಯಾಡ್ರಿ ಅಣ್ಣಾ. ನಮ್ಮಪ್ಪನ್ನ ಮನಿಗೆ ಕರ್ಕೊಂಡು ಹೊಂಟೀನಿ, ಅಷ್ಟ."

ಮತ್ತೆ ಬಂದ ಹಿರಿಯರ ಅಮಾವಾಸ್ಯೆಯ ದಿನ ಜಂಬಮ್ಮ ಹೋದ ಸಲದಂತೆ ಕಂಬಳಿ ಮಡಚಿಟ್ಟು ಅಡುಗೆಮನೆಗೆ ಹೋದಳು. ಸುಷ್ಮಿತಾ ಹೊಸ ಫೋಟೋವನ್ನು ಆ ಕಂಬಳಿಗೆ ಆನಿಸಿಟ್ಟು ಬಾಗಿಲ ಮರೆಗೆ ಸರಿದಳು. ಈ ಸಲವೂ ಅವ್ವ ಯಾರು ಇವ ಎಂದರೆ ಆ ಮುಖವನ್ನು ಇನ್ನು ಎಲ್ಲಿ ಹುಡುಕುವುದು?

ಎಡೆ ಹಿಡಿದು ಬಂದ ಜಂಬಮ್ಮ ಇಡಲು ಬಾಗಿದವಳು ಹಾಗೆಯೇ ನಿಂತಳು. ಎಡೆಯನ್ನು ಮೆಲ್ಲಗೆ ಇಟ್ಟಳು. ಏನೋ ನೆನಪಾದಂತೆ ಒಳಗೆ ಹೋಗಿ, ಒಂದು ಉಳ್ಳಾಗಡ್ಡಿ ತಂದು, ಗುದ್ದಿ ಒಡೆದು ರೊಟ್ಟಿಯ ಪಕ್ಕ ಇಟ್ಟಳು. ಅದಿಲ್ಲದೆ ಕೆಂಚಣ್ಣ ರೊಟ್ಟಿ ಮುಟ್ಟುತ್ತಿರಲಿಲ್ಲ; ಹೋದ ಸಲ ಬರೀ ಕಂಬಳಿಗೆ ಆಕೆ ಅದನ್ನು ಇಟ್ಟಿರಲಿಲ್ಲ. ಆಮೇಲೆ ಫೋಟೋದ ಎದುರಿಗೆ ಕಾಲು ಮಡಚಿ ಕೂತಳು.

"ಈಗ ಬಂದ್ಯಾ?" ಎಂದಳು. "ಉಣ್ಣು, ರೊಟ್ಟಿ ಆರ್ತಾವ."