ಸೂರ್ಯಾಸ್ತಕ್ಕೆ ಮೊದಲಿನ ಅರ್ಧ ಗಂಟೆ

ನೀವು ನಂಬಲೇಬೇಕು ಅಂತ ನಾನಿದನ್ನು ಬರೆಯುತ್ತಿಲ್ಲ. ನಾನು ಹಡಗಿನ ಇಂಜಿನಿಯರ್. ಎಲ್ಲಿಂದಾದರೂ ಸದ್ದು ಬಂದರೆ ಯಾವ ಬೋಲ್ಟು ಸಡಿಲಾಗಿದೆ ಅಂತ ಹುಡುಕುವ ಜಾತಿ ನಮ್ಮದು. ದೆವ್ವದ ಕಥೆ ಹೇಳುವವರನ್ನು ಗೇಲಿ ಮಾಡಿಕೊಂಡೇ ಬೆಳೆದವನು. ಆದರೆ ಹೋದ ಚಳಿಗಾಲ ನಿಪ್ಪಾಣಿ ಹತ್ತಿರದ ಭೋಜ ಅನ್ನುವ ಊರಿನಲ್ಲಿ, ಕಣ್ಣೆದುರಿಗೆ, ಲೈಟು ಉರಿಯುತ್ತಿರುವಾಗಲೇ ನಡೆದದ್ದು ಸುಳ್ಳಲ್ಲ. ಅದರ ಬೋಲ್ಟು ನನಗಿನ್ನೂ ಸಿಕ್ಕಿಲ್ಲ...

ಮೊದಲು ಭರತೇಶನ ವಿಷಯ ಹೇಳಬೇಕು. ಅವನು ಭೋಜದ ಜೈನರ ಮನೆಯವನು, ನಾನು ನಿಪ್ಪಾಣಿಯವನು. ಚಿಕ್ಕೋಡಿಯಲ್ಲಿ ಜೊತೆಗೇ ಮೆಕ್ಯಾನಿಕಲ್ ಓದಿದೆವು. ಆಮೇಲೆ ಹಡಗಿನ ಇಂಜಿನಿಯರ್ ಆಗಲು ಕೊಂಕಣದ ಕಡೆಯ ಒಂದು ತರಬೇತಿ ಶಾಲೆ ಸೇರಿದೆವು. ಕೃಷ್ಣೆ, ದೂಧಗಂಗೆ ಬಿಟ್ಟರೆ ಬೇರೆ ನೀರು ನೋಡದ ಇಬ್ಬರು ಹುಡುಗರು ಸಮುದ್ರಕ್ಕೆ ಹೊರಟಿದ್ದಾರೆ ಅಂತ ಊರವರು ನಕ್ಕಿದ್ದೇ ನಕ್ಕಿದ್ದು.

ಶಾಲೆಯಲ್ಲಿ ಮೊದಲು ಕಲಿಸಿದ್ದು ವಾಚ್. ಅಂದರೆ ಇಂಜಿನ್ ರೂಮಿನ ನಾಲ್ಕು ಗಂಟೆಯ ಪಾಳಿ. ಮುಂದಿನವನು ಬಂದು 'ವಾಚ್ ನಂದು' ಅನ್ನುವವರೆಗೆ ಹಿಂದಿನವನು ಜಾಗ ಬಿಟ್ಟು ಕದಲುವ ಹಾಗಿಲ್ಲ. ಆ ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಕಿವಿಗೆ ಮುಚ್ಚಳ ಬೇರೆ. ಅದಕ್ಕೇ ನಾವಿಬ್ಬರೂ ಭುಜದ ಮೇಲೆ ಕೈಯಿಡುವ ರೂಢಿ ಮಾಡಿಕೊಂಡಿದ್ದೆವು. ಕೈ ಬಿತ್ತೆಂದರೆ ನೀನು ಬಿಡುಗಡೆ.

ತರಬೇತಿಯ ಹುಡುಗರಾಗಿ ಇಬ್ಬರಿಗೂ ಒಂದೇ ಹಡಗು ಸಿಕ್ಕಿತು. ಹಳೇ ಹಡಗು. ನನ್ನ ಪಾಳಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕು, ಅವನದು ನಾಲ್ಕರಿಂದ ಎಂಟು. ತೊಡಕು ಇದ್ದದ್ದು ಅಲ್ಲೇ. ಭರತೇಶ ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ. ಹುಟ್ಟಿದಾಗಿನಿಂದ ಬಂದ ನೇಮ, ಸಮುದ್ರಕ್ಕೆ ಬಂದೆನೆಂದು ಬಿಡಲಿಲ್ಲ. ಇಂಜಿನ್ ರೂಮಿನಲ್ಲಿ ಕಿಟಕಿ ಎಲ್ಲಿಂದ ಬರಬೇಕು? ಹೊತ್ತು ಎಲ್ಲಿದೆ ಅಂತ ಗೊತ್ತಾಗುವುದೇ ಇಲ್ಲ. ದಿನಾ ಮೇಲಿನ ಚುಕ್ಕಾಣಿ ಕೋಣೆಗೆ, ಅಂದರೆ ಬ್ರಿಜ್‌ಗೆ ಫೋನ್ ಮಾಡಿ, ದಿಕ್ಕು ನೋಡಿ ಹಡಗು ನಡೆಸಲು ಕಲಿಯುತ್ತಿದ್ದ ಹುಡುಗನನ್ನು ಕೇಳುತ್ತಿದ್ದ, ಇವತ್ತು ಸೂರ್ಯಾಸ್ತ ಎಷ್ಟಕ್ಕೆ ಅಂತ. ಅವನು ಪಂಚಾಂಗದಂಥ ದಪ್ಪ ಪುಸ್ತಕ ತೆಗೆದು ಲೆಕ್ಕ ಮಾಡಿ ನಿಮಿಷದ ಸಮೇತ ಹೇಳುತ್ತಿದ್ದ.

ಅದಕ್ಕೆ ಅರ್ಧ ಗಂಟೆ ಮುಂಚೆ ನಾನು ಕಬ್ಬಿಣದ ಏಣಿ ಇಳಿದು ಹೋಗಿ ಅವನ ಭುಜದ ಮೇಲೆ ಕೈಯಿಡುತ್ತಿದ್ದೆ. ಅವನು ತಿರುಗಿ ನೋಡದೇ ಕೂಗಿ ಕೇಳುತ್ತಿದ್ದ, "ಬಂದೇನ್ಲೇ?" ನಾನು ಅವನ ಕಿವಿಗೆ ಬಾಯಿಟ್ಟು, "ಬಂದೀನಿ, ವಾಚ್ ನಂದು. ಹೋಗಿ ಉಣ್ಣಹೋಗು." ಆ ಅರ್ಧ ಗಂಟೆ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಆ ಪಾಳಿಯ ಮೇಲಧಿಕಾರಿ ಸೆಕೆಂಡ್ ಇಂಜಿನಿಯರ್ ಒಳ್ಳೆಯವರು, ನೋಡಿಯೂ ನೋಡದ ಹಾಗೆ ಇದ್ದುಬಿಡುತ್ತಿದ್ದರು.

ಆ ದಿನ ಹಡಗು ದಡದ ಹತ್ತಿರ ಬಂದಿತ್ತು. ಹನ್ನೆರಡು ದಿನದ ಮೇಲೆ ಮೊಬೈಲಿಗೆ ಸಿಗ್ನಲ್ ಸಿಕ್ಕಿತ್ತು. ಮನೆಯವರು ನನಗೆ ನೋಡಿದ್ದ ಹುಡುಗಿ ಫೋನ್ ಎತ್ತಿದ್ದಳು. ನಾನು ಡೆಕ್ಕಿನ ಮೇಲೆ ನಿಂತು ಮಾತಾಡುತ್ತಲೇ ಇದ್ದೆ... ಸೂರ್ಯ ನನ್ನ ಕಣ್ಣೆದುರಿಗೇ ನೀರಿಗಿಳಿಯುತ್ತಿತ್ತು. ನೋಡುತ್ತಲೇ ಇದ್ದೆ. ಇರಲಿ ಬಿಡು, ಒಂದು ದಿನ ಉಪವಾಸ ಬಿದ್ದರೆ ಸಾಯುತ್ತಾನೆಯೇ ಅಂದುಕೊಂಡೆ. ಹೌದು, ಇದೇ ಮಾತು ಅಂದುಕೊಂಡೆ.

ಸೂರ್ಯನ ಕೊನೆಯ ಅಂಚು ಇನ್ನೂ ಕಾಣುತ್ತಿದ್ದಾಗಲೇ ಬೆಂಕಿಯ ಗಂಟೆ ಹೊಡೆಯಿತು. ಎಣ್ಣೆಯ ಪೈಪು ಒಡೆದು ಕಾದ ಕಬ್ಬಿಣದ ಮೇಲೆ ಚಿಮ್ಮಿತ್ತು. ಸೆಕೆಂಡ್ ಇಂಜಿನಿಯರ್ ಹೇಗೋ ಹೊರಬಿದ್ದರು. ಭರತೇಶ ಏಣಿಯ ಅರ್ಧದವರೆಗೆ ಬಂದಿದ್ದ. ಹೊಗೆ ಅವನನ್ನು ಅಲ್ಲಿಯೇ ಹಿಡಿದಿತ್ತು.

ತನಿಖೆಯವರು ಪೈಪಿನ ತಪ್ಪು ಅಂದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ಒಬ್ಬರೇ, ಅವನ ತಾಯಿ ಸುಶೀಲಾ ಕಾಕು. ಅವನ ಶವದ ಪೆಟ್ಟಿಗೆ ಭೋಜಕ್ಕೆ ಬಂದ ದಿನ ನನ್ನ ಅಂಗಿ ಹಿಡಿದು ಕೇಳಿದ್ದರು, "ಅವತ್ತ ಉಂಡಿದ್ದಿಲ್ಲಪಾ ಅಂವ?" ನಾನು ಹೇಳಿದೆ, "ಉಂಡಿದ್ದರಿ ಕಾಕು. ಹೊತ್ತ ಮುಳುಗೂದ್ರಾಗ."

ಆರು ವರ್ಷ ಆ ಸುಳ್ಳಿನ ಮೇಲೆಯೇ ಬದುಕಿದೆ. ಆ ಹುಡುಗಿಯ ಜೊತೆ ಮಾತಾಗಿದ್ದ ಮದುವೆ ಮುರಿದುಬಿತ್ತು. ಹಡಗು ಬಿಟ್ಟೆ. ಕಲಿತ ಶಾಲೆಯಲ್ಲಿಯೇ ಮಾಸ್ತರನಾದೆ. ಹೊಸ ಹುಡುಗರಿಗೆ ವಾಚ್ ಹೇಗೆ ವಹಿಸಿಕೊಳ್ಳಬೇಕು ಅಂತ ಕಲಿಸುವುದು ನನ್ನ ಕೆಲಸ. ನಾಚಿಕೆಗೇಡು ಅಂದರೆ ಇದೇ ನೋಡಿ.

ಹೋದ ಚಳಿಗಾಲ ರಜೆಗೆ ನಿಪ್ಪಾಣಿಗೆ ಬಂದಿದ್ದಾಗ ಕಾಕು ಫೋನ್ ಮಾಡಿದರು. "ಒಂದ ಸಲ ಬಂದ ಹೋಗಪಾ. ಹೊತ್ತ ಮುಳುಗೂದ್ರಾಗ ಬಾ."

ಹೊರಟದ್ದು ಹೊತ್ತಿಗೆ ಸರಿಯಾಗಿಯೇ. ಆದರೆ ಕಬ್ಬಿನ ಹಂಗಾಮು. ದಾರಿ ತುಂಬ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು. ಒಂದು ಟ್ರೇಲರ್ ಮಗುಚಿ ಕಬ್ಬೆಲ್ಲ ರಸ್ತೆಗೆ ಬಿದ್ದಿತ್ತು. ಬೈಕಿನ ಮೇಲೆ ಕೂತು ಸೂರ್ಯ ಕೆಳಗಿಳಿಯುವುದನ್ನು ನೋಡಿದೆ, ಎರಡನೆಯ ಸಲ.

ಭೋಜ ಮುಟ್ಟಿದಾಗ ಕತ್ತಲಾಗಿತ್ತು. ಅವನ ಅಣ್ಣ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೋಗಿದ್ದ, ಅತ್ತಿಗೆ ಮಕ್ಕಳನ್ನು ಕರೆದುಕೊಂಡು ತವರಿಗೆ. ಕಾಕು ಹಿತ್ತಲಿನಲ್ಲಿ ಒಬ್ಬರೇ ಕೂತಿದ್ದರು. ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಎದುರಿಗೆ ಮಾಳಿಗೆಗೆ ಹತ್ತುವ ಕಬ್ಬಿಣದ ಏಣಿ. ಅದರ ಬುಡದಲ್ಲಿ ಮುಚ್ಚಿಟ್ಟ ಒಂದು ತಾಟು.

"ತಡಾ ಮಾಡಿದಿ," ಅಂದರು.

"ಟ್ರ್ಯಾಕ್ಟರ್ ಬಿದ್ದಿತ್ತರಿ ಕಾಕು..."

"ಕುಂಡ್ರು." ದನಿ ತಗ್ಗಿಸಿ ಅಂದರು, "ದಿನಾ ಹೊತ್ತ ಮುಳುಗೂ ಮುಂದ ಈ ಏಣಿ ಮ್ಯಾಲ ಬೂಟಿನ ಸಪ್ಪಳ ಆಕ್ಕೈತಿ. ಆರ ವರ್ಷಾತು. ಅರ್ಧಕ್ಕ ಬಂದ ನಿಂದರತಾನ. ಉಣ್ಣಾಕ ಬಾರೋ ಭರತ್ಯಾ ಅಂತ ಕರೀತೀನಿ. ಬರೂದಿಲ್ಲ. ಉಂಡ ಹ್ವಾದಾಂವ ಯಾಕ ಬರತಾನ? ಹಸದಾಂವ ಯಾಕ ಇಳಿಯೂದಿಲ್ಲ? ನನಗ ತಿಳೀವಲ್ದು. ನೀ ಸಾಲಿ ಕಲಿಸಾಂವ, ಹೇಳು."

ನಾನು ಏಣಿಯ ಕಡೆ ನೋಡಿದೆ. "ಇವತ್ತ... ಬಂದಿದ್ದನ್ರಿ?"

"ಇನ್ನಾ ಇಲ್ಲ. ನಿನ್ನ ದಾರಿ ನೋಡಾಕತ್ತಿರಬೇಕು."

ಮುದಿ ಜೀವ, ಮಗನ ಹಂಬಲ, ಏನೋ ಭ್ರಮೆ ಅಂತ ನನಗೆ ನಾನೇ ಹೇಳಿಕೊಂಡೆ. ಬಿಸಿಲಿಗೆ ಕಾದ ಕಬ್ಬಿಣ ತಣ್ಣಗಾದರೆ ಸದ್ದು ಬರುತ್ತದೆ, ಅಷ್ಟೇ. ಸಮಾಧಾನದ ಮಾತು ಹೇಳಲು ಬಾಯಿ ತೆರೆದೆ. ಆಗ ಮೂಗಿಗೆ ವಾಸನೆ ಬಂತು...

ಕಾದ ಎಣ್ಣೆಯ ವಾಸನೆ. ಅಡುಗೆಯದಲ್ಲ, ಟ್ರ್ಯಾಕ್ಟರಿನದೂ ಅಲ್ಲ. ಇಂಜಿನ್ ರೂಮಿನ ಆ ದಪ್ಪ ಎಣ್ಣೆ. ಒಂದು ಸಲ ಅಂಗಿಗೆ ಹತ್ತಿದರೆ ಏಳು ಸಲ ಒಗೆದರೂ ಹೋಗದ ವಾಸನೆ.

ಠಣ್...

ಮೇಲಿನ ಮೆಟ್ಟಿಲು.

ಠಣ್... ಠಣ್...

ಬಲ್ಬು ಉರಿಯುತ್ತಲೇ ಇತ್ತು. ಏಣಿಯ ಮೇಲೆ ಯಾರೂ ಇರಲಿಲ್ಲ. ಆದರೆ ಒಂದೊಂದು ಮೆಟ್ಟಿಲೂ ಭಾರಕ್ಕೆ ನಡುಗಿ, ಅದರ ತುಕ್ಕು ಉದುರುತ್ತಿತ್ತು. ಅರ್ಧಕ್ಕೆ ಬಂದು ಸದ್ದು ನಿಂತಿತು.

"ಕೇಳ್ತೇನು?" ಕಾಕು ಪಿಸುಗುಟ್ಟಿದರು.

ಇನ್ನು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. "ಕಾಕು, ಅಂವ ಉಂಡಿದ್ದಿಲ್ಲರಿ," ಅಂದೆ. "ಬಿಡಸಾಕ ನಾ ಹೋಗಬೇಕಿತ್ತು. ಫೋನಿನ್ಯಾಗ ಮಾತಾಡ್ಕೋತ ನಿಂತೆ. ಹ್ವಾಗಿದ್ರ ಅಂವ ಮ್ಯಾಲ ಉಣ್ಣಾಕತ್ತಿರತಿದ್ದ. ಕೆಳಗ ನಾ ಇರತಿದ್ದೆ..."

ಬೈಯಲಿ, ಹೊಡೆಯಲಿ ಅಂತ ಕಾದೆ. ಕಾಕು ಅಂದರು, "ಅವತ್ತ ಖರೇ ಹೇಳಿದ್ರ ನಾ ನಿನ್ನ ಬಡೀತಿದ್ದೆ. ಬಡದು, ಅತ್ತು, ಸುಮ್ಮನ ಆಗತಿದ್ದೆ. ಸುಳ್ಳ ಹೇಳಿ ನೀ ನನಗ ಸರಿಯಾಗಿ ಅಳಾಕೂ ಬಿಡಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ನಾ ಕರದ್ರ ಹ್ಯಾಂಗ ಬಂದಾನು? ಅವಗ ಬಿಡುವ ಎಲ್ಲೈತಿ... ಹೋಗು. ಬಿಡಸು ಅವನ್ನ."

ಹೇಗೆ ಹತ್ತಿದೆನೋ ನನಗೇ ಗೊತ್ತಿಲ್ಲ. ಆರನೆಯ ಮೆಟ್ಟಿಲಿಗೆ ಬಂದಾಗ ಮುಖಕ್ಕೆ ಝಳ ಬಡಿಯಿತು. ಹೊರಗೆ ಹಲ್ಲು ಕಡಿಸುವ ಚಳಿ, ಅಲ್ಲಿ ಮಾತ್ರ ಬಾಯ್ಲರಿನ ಮುಂದೆ ನಿಂತಷ್ಟು ಸೆಕೆ. ಕಣ್ಣು ಮುಚ್ಚಿ ಅವನ ಭುಜ ಇರಬೇಕಾದ ಎತ್ತರಕ್ಕೆ ಕೈ ಚಾಚಿದೆ.

ಕೈ ನಿಂತಿತು. ಖಾಲಿ ಗಾಳಿಯಲ್ಲಿ ನಿಂತಿತು... ಬೆವರಿನಿಂದ ಒದ್ದೆಯಾದ ಬಟ್ಟೆ ಬೆರಳಿಗೆ ತಾಗಿತು.

"ಬಂದೇನ್ಲೇ?"

ಕಿವಿಯಿಂದ ಕೇಳಿದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಉತ್ತರ ಕೊಟ್ಟದ್ದು ಮಾತ್ರ ನೆನಪಿದೆ. "ಬಂದೀನೋ ಭರತ್ಯಾ. ತಡಾ ಆತು. ವಾಚ್ ನಂದು. ನೀ ಹೋಗಿ ಉಣ್ಣಹೋಗು."

ಕೈಯ ಕೆಳಗಿನದು ಸರಿದುಹೋಯಿತು. ಬೂಟಿನ ಸದ್ದು ನನ್ನ ಪಕ್ಕದಿಂದಲೇ ಇಳಿಯಿತು, ಠಣ್, ಠಣ್... ಕೊನೆಯ ಮೆಟ್ಟಿಲು. ಆಮೇಲೆ ಹಿತ್ತಲಿನ ಮಣ್ಣು. ಆಮೇಲೆ ಏನೂ ಇಲ್ಲ.

ಕೆಳಗಿಳಿದು ತಾಟಿನ ಮುಚ್ಚಳ ತೆಗೆದೆ. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಎಲ್ಲ ಇಟ್ಟ ಹಾಗೇ ಇತ್ತು. ನನಗೆ ಅಳು ತಡೆಯಲಾಗಲಿಲ್ಲ. ಬಿಡಿಸಿದ್ದೇನೋ ಬಿಡಿಸಿದೆ, ಆದರೆ ಈ ಸಲವೂ ತಡವಾಗಿತ್ತು, ಹೊತ್ತು ಮುಳುಗಿಬಿಟ್ಟಿತ್ತು. ಅವನು ಹೇಗೆ ಉಂಡಾನು?

"ಅಳಬ್ಯಾಡ," ಕಾಕು ತಲೆ ಸವರಿದರು. "ಹೊತ್ತ ಹುಟ್ಟಲಿ. ಉಣ್ಣತಾನ."

ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಂದ ಮೇಲೆ ಬಿಸಿ ರೊಟ್ಟಿ ಮಾಡಿ ಏಣಿಯ ಬುಡದಲ್ಲಿಟ್ಟು ಒಳಗೆ ಬಂದರು. ತುಸು ಹೊತ್ತಿಗೆ ಹೋಗಿ ನೋಡಿದರೆ ರೊಟ್ಟಿಯ ಒಂದು ಅಂಚು ಮುರಿದಿತ್ತು, ಒಂದೇ ತುತ್ತಿನಷ್ಟು. ಕಾಗೆಯದೋ ಅಳಿಲಿನದೋ ಅಂತ ಕೇಳಲು ಹೋಗಲಿಲ್ಲ. ಕಾಕು ತಾಟಿನ ಮುಂದೆ ಕೂತು ದೊಡ್ಡ ದನಿ ತೆಗೆದು ಅತ್ತರು, ಆರು ವರ್ಷದ್ದೆಲ್ಲ.

ಅವತ್ತಿನಿಂದ ಏಣಿಯ ಮೇಲೆ ಸದ್ದಿಲ್ಲ ಅಂತ ಕಾಕು ಫೋನಿನಲ್ಲಿ ಹೇಳುತ್ತಾರೆ. ನಿದ್ದೆ ಹತ್ತುತ್ತಿದೆಯಂತೆ. ಅಷ್ಟು ಸಾಕು ನನಗೆ.

ಆದರೆ ನನ್ನ ಮಾತು ಬೇರೆ. ಸಂಜೆಯ ಪಾಠ ಮುಗಿಸಿ ಹುಡುಗರನ್ನು ಕಳಿಸಿದ ಮೇಲೆ ದಿನಾ ಸೂರ್ಯಾಸ್ತಕ್ಕೆ ಮೊದಲಿನ ಅದೇ ಹೊತ್ತಿಗೆ ಕೋಣೆಯಲ್ಲಿ ಎಣ್ಣೆಯ ವಾಸನೆ ಏಳುತ್ತದೆ. ಮುಖಕ್ಕೆ ಝಳ ಹೊಡೆಯುತ್ತದೆ. ಎದ್ದು ಹೋಗೋಣವೆಂದರೆ ಕಾಲು ಕೀಳಲು ಬರುವುದಿಲ್ಲ. ಕತ್ತಲಾಗುವವರೆಗೆ ಹಾಗೇ ನಿಂತಿರುತ್ತೇನೆ... ಭುಜದ ಮೇಲೆ ಯಾರದಾದರೂ ಕೈ ಬಿದ್ದೀತೇ ಅಂತ ಕಾಯುತ್ತ.

ವಾಚ್ ನಂದು ಅಂದವನು ನಾನೇ. ಬಿಡಿಸಲು ಇನ್ನೂ ಯಾರೂ ಬಂದಿಲ್ಲ.