ಮೂರನೆಯ ವಿಭಾಗದ ಹೆಸರುಗಳನ್ನು ಕೂಗಿದ ಮಾತಿಲೆ

ಊರ ಕ್ರಿಕೆಟ್ಟಿನಲ್ಲಿ ಮಾತಿಲೆ ಎದುರು ತಂಡವನ್ನು ಹಾಡು ಕಟ್ಟಿ ಹಂಗಿಸತೊಡಗಿದಳೆಂದರೆ ಆ ದನಿ ಹವಳದಿಬ್ಬದಾಚೆ ದೋಣಿಯಲ್ಲಿದ್ದವರಿಗೂ ಮುಟ್ಟುತ್ತಿತ್ತೆಂದು ವಾಯ್ಪೂನಾದವರು ಹೇಳುತ್ತಾರೆ. ಸಮೋವಾದ ಸವಾಯಿ ದ್ವೀಪದ ಪಡುವಣ ದಂಡೆಯಲ್ಲಿರುವ ಈ ಊರಿನ ಪ್ರೌಢಶಾಲೆಯಲ್ಲಿ ಅವಳು ಶಿಕ್ಷಕಿ. ಶಾಲೆಯಲ್ಲಿ ಪ್ರತಿ ತರಗತಿಗೂ ಮೂರು ವಿಭಾಗಗಳಿದ್ದವು. ಚುರುಕಾದವರು ಮೊದಲನೆಯದರಲ್ಲಿ, ನಡುವಿನವರು ಎರಡನೆಯದರಲ್ಲಿ, ಉಳಿದವರೆಲ್ಲ ಮೂರನೆಯದರಲ್ಲಿ ಕೂರುತ್ತಿದ್ದರು. ಮಾತಿಲೆ ತಾನೂ ಆ ಮೂರನೆಯ ವಿಭಾಗದಲ್ಲೇ ಕಲಿತವಳು. ಶಿಕ್ಷಕ ತರಬೇತಿ ಮುಗಿಸಿ ಊರಿಗೆ ಬಂದಾಗ ಅದನ್ನೇ ಕೇಳಿ ಪಡೆದಳು. ಆಮೇಲೆ ಬಂದ ಪ್ರಾಂಶುಪಾಲರೆಲ್ಲ ಬಡ್ತಿಯೆಂಬಂತೆ ಮೊದಲನೆಯ ವಿಭಾಗವನ್ನು ಕೊಡಲು ಮುಂದಾದರು. ಅವಳು ಯಾರ ಮಾತಿಗೂ ಒಪ್ಪಲಿಲ್ಲ.

"ಅಲ್ಲಿ ನಾನಿಲ್ದೇ ಇದ್ರೂ ಅವ್ರು ಕಲೀತಾರೆ," ಎನ್ನುತ್ತಿದ್ದಳು. "ಇಲ್ಲಿ ನಾನು ಒಂದು ದಿನ ಬರ್ಲಿಲ್ಲ ಅಂದ್ರೆ ಅರ್ಧ ಕ್ಲಾಸು ಸಮುದ್ರದಲ್ಲಿ ಇರುತ್ತೆ."

ವರ್ಷದ ಕೊನೆಯ ಅವಧಿ ಮುಗಿಯುವುದು ಡಿಸೆಂಬರಿನಲ್ಲಿ. ಅಂದು ಊರ ಬಯಲಿನಲ್ಲಿ ಡೇರೆ ಕಟ್ಟಿ ಬಹುಮಾನ ಹಂಚುತ್ತಾರೆ. ಮಗುವಿನ ಹೆಸರು ಕೂಗಿದೊಡನೆ ಅದರ ಅತ್ತೆಯರು, ಚಿಕ್ಕಮ್ಮಂದಿರು ಎದ್ದು ಕೇಕೆ ಹಾಕಿ ಕುಣಿಯುತ್ತ ವೇದಿಕೆಯವರೆಗೂ ಹೋಗುತ್ತಾರೆ, ಟಾಫಿಗಳನ್ನು ಪೋಣಿಸಿದ ಹಾರಗಳನ್ನು ಮಗುವಿನ ಕೊರಳಿಗೆ ಒಂದರ ಮೇಲೊಂದು ಹಾಕುತ್ತಾರೆ. ಕೊನೆಗೆ ಹಾರಗಳ ನಡುವೆ ಎರಡು ಕಣ್ಣುಗಳಷ್ಟೇ ಕಾಣುತ್ತವೆ. ಹೆಸರು ಬಾರದ ಮಕ್ಕಳ ಮನೆಯವರು ಹಾರಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇರುತ್ತಾರೆ. ಮೂರನೆಯ ವಿಭಾಗದವರು ಹಾರ ಪೋಣಿಸುವುದನ್ನೇ ಬಿಟ್ಟು ಬಹಳ ವರ್ಷಗಳಾಗಿದ್ದವು.

ಆ ವರ್ಷ ಮಾತಿಲೆ ಅವರ ಮನೆಮನೆಗೆ ಹೋಗಿ, "ಈ ಸಲ ಹಾರ ಕಟ್ಟಿ, ಹೆಸರು ಕೂಗ್ತೀವಿ," ಎಂದು ಹೇಳಿ ಬಂದಿದ್ದಳು. ಹಳೆಯ ಪ್ರಾಂಶುಪಾಲರು ನಿವೃತ್ತರಾಗುವ ಮುನ್ನ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಅವರ ಜಾಗಕ್ಕೆ ರಾಜಧಾನಿ ಆಪಿಯಾದಿಂದ ಬಂದ ನೇಮಿಯಾ, ಸಮಾರಂಭಕ್ಕೆ ಒಂದು ವಾರವಿರುವಾಗ ಶಿಕ್ಷಕರ ಸಭೆಯಲ್ಲಿ ಕಾರ್ಯಕ್ರಮವನ್ನು ಮೊಟಕುಗೊಳಿಸಿದರು. ಇಲಾಖೆಯ ಅತಿಥಿ ಮಧ್ಯಾಹ್ನದ ಹಡಗಿಗೇ ಹಿಂದಿರುಗಬೇಕಿತ್ತು.

"ರ‍್ಯಾಂಕ್ ಬಂದವರು, ವಿಷಯಕ್ಕೆ ಮೊದಲು ಬಂದವರು, ಅಷ್ಟೇ," ಎಂದರು.

"ಮೂರನೇ ವಿಭಾಗ?" ಎಂದಳು ಮಾತಿಲೆ.

"ಅವರದೇನು ಸಾಧನೆ ಮೇಡಂ? ಎಲ್ಲರನ್ನೂ ಕರೆದರೆ ಬಹುಮಾನಕ್ಕೆ ಬೆಲೆ ಏನಿರುತ್ತೆ?"

"ನಾನು ಅವರ ಮನೆಯವರಿಗೆ ಮಾತು ಕೊಟ್ಟಿದೀನಿ ಸರ್."

"ನನ್ನನ್ನ ಕೇಳಿ ಕೊಟ್ರಾ?"

"ನೀವಿನ್ನೂ ಬಂದಿರ್ಲಿಲ್ಲ."

"ಈಗ ಬಂದಿದೀನಿ," ಎಂದು ನೇಮಿಯಾ ಮುಂದಿನ ವಿಷಯಕ್ಕೆ ಹೋದರು.

ಕಾರ್ಯಕ್ರಮ ಬದಲಾಗಿದೆಯೆಂದು ಆ ವಾರದಲ್ಲಿ ಅವಳು ಮನೆಗಳಿಗೆ ತಿಳಿಸಬಹುದಿತ್ತು. ತಿಳಿಸಲಿಲ್ಲ. ಅದು ಮರೆವೋ ಹಟವೋ ಎಂಬ ಬಗ್ಗೆ ಊರಿನಲ್ಲಿ ಈಗಲೂ ಎರಡು ಮಾತುಗಳಿವೆ. ಅವಳ ಅಕ್ಕನ ಪ್ರಕಾರ ಮಾತಿಲೆ ಆ ವಾರವಿಡೀ ಪ್ರತಿ ಸಂಜೆ ಚಪ್ಪಲಿ ಮೆಟ್ಟಿ ಹೊರಡುವಳು, ರಸ್ತೆಯವರೆಗೆ ಹೋಗಿ ಹಿಂದಿರುಗುವಳು.

ಸಮಾರಂಭದ ಬೆಳಿಗ್ಗೆ ದ್ವೀಪದ ಆಚೆ ದಂಡೆಯಿಂದ ಮರದ ಮೈಕಟ್ಟಿನ ಬಸ್ಸೊಂದು ಹಾಡಿನ ಅಬ್ಬರದೊಡನೆ ಬಂದು ನಿಂತಿತು. ಮೂರನೆಯ ವಿಭಾಗದ ತವಿತಾ ಎಂಬ ಹುಡುಗ ಈ ಊರಿನ ನೆಂಟರ ಮನೆಯಲ್ಲಿದ್ದು ಓದುತ್ತಿದ್ದ; ಅವರಿಂದ ಸುದ್ದಿ ತಿಳಿದ ಅವನ ಅಜ್ಜಿ ಫಿಲೇಮು, ತನ್ನ ಇಡೀ ಬಳಗವನ್ನು ಕರೆತಂದಿದ್ದಳು. ಬಸ್ಸಿನಿಂದ ಕೆಸುವಿನ ಗೆಡ್ಡೆಯ ಬುಟ್ಟಿಗಳು, ಇಡಿಯಾಗಿ ಬೇಯಿಸಿದ ಹಂದಿ, ಮನೆಯ ಹೆಂಗಸರು ತಿಂಗಳುಗಟ್ಟಲೆ ಕೂತು ನೇಯ್ದ ನವಿರಾದ ಚಾಪೆ ಇಳಿದವು.

"ನಮ್ಮೂರ ಅಂಗಡೀಲಿ ಒಂದು ಟಾಫಿ ಉಳಿದಿಲ್ಲ ಕಣಮ್ಮಾ," ಎಂದಳು ಫಿಲೇಮು. "ಚಿಕ್ಕ ಮಕ್ಕಳು ನನಗೆ ಶಾಪ ಹಾಕ್ತಾ ಇವೆ. ಎಲ್ಲಿ ಕೂರೋಣ? ಮುಂದೆ ಕೂರಿಸು, ಕುಣಿಯೋಕೆ ಜಾಗ ಬೇಕು."

ಮಾತಿಲೆ ಅವಳನ್ನು ಮರದ ನೆರಳಿಗೆ ಕರೆದೊಯ್ದು ನಡೆದದ್ದನ್ನೆಲ್ಲ ಹೇಳಿದಳು. ಮುದುಕಿ ಬೀಸಣಿಗೆ ಆಡಿಸುವುದನ್ನು ನಿಲ್ಲಿಸಿದಳು.

"ಅಂದ್ರೆ ನಮ್ಮ ಹುಡುಗನ್ನ ಕರೆಯೋದಿಲ್ಲ."

"ಇಲ್ಲ."

"ನೀನು ಹೇಳಿದ್ದೆ."

"ಹೇಳಿದ್ದೆ ಅಜ್ಜಿ."

"ಈಗ ಈ ಹಂದೀನ ಏನ್ಮಾಡ್ಲಿ? ಬಸ್ಸಲ್ಲಿ ಕೂರಿಸ್ಕೊಂಡು ವಾಪಸ್ ಹೋಗ್ಲಾ? ಎಲ್ಲರೂ ನೋಡಿದಾರಲ್ಲ!"

ಮಾತಿಲೆ ಹಂದಿಯತ್ತ ನೋಡಿದಳು. ಸಭೆಗೆ ತಂದ ಕಾಣಿಕೆಯನ್ನು ಹಿಂದಕ್ಕೆ ಒಯ್ಯುವಂತಿಲ್ಲ, ಮೌನವಾಗಿ ಒಪ್ಪಿಸುವಂತೆಯೂ ಇಲ್ಲ. ಕೊಟ್ಟವರು ಯಾರು, ಯಾವ ಊರಿನವರು, ಯಾವ ಸಂತೋಷಕ್ಕೆ ಕೊಟ್ಟರು ಎಂಬುದನ್ನು ಬಯಲಿನ ನಡುವೆ ನಿಂತು ಗಟ್ಟಿಯಾಗಿ ಸಾರಬೇಕು. ಪ್ರತಿಯೊಂದಕ್ಕೂ ಊರ ಪರವಾಗಿ ಮಾತನಾಡುವ ಹಿರಿಯ ಎದ್ದು ವಂದನೆ ಹೇಳಬೇಕು. ಸಾರುವುದು ಮುಗಿಯುವ ತನಕ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಆ ಕೆಲಸ ಯುವಕರದು. ಹೆಂಗಸೊಬ್ಬಳು ಅದನ್ನು ಮಾಡಿದ್ದು ವಾಯ್ಪೂನಾದಲ್ಲಿ ಯಾರ ನೆನಪಿನಲ್ಲೂ ಇರಲಿಲ್ಲ.

"ಹಂದಿ ಇಲ್ಲೇ ಇರ್ಲಿ ಅಜ್ಜಿ," ಎಂದಳು ಮಾತಿಲೆ. "ಉಳಿದ ಮನೆಯವರು ಏನೇನು ತಂದಿದಾರೋ ಅದನ್ನೂ ಇದರ ಪಕ್ಕಕ್ಕೇ ತಂದಿಡೋಕೆ ಹೇಳು."

ಬಹುಮಾನಗಳನ್ನು ಹಂಚಿದರು. ಅತ್ತೆಯರು ಕುಣಿದರು, ಅತಿಥಿ ಕೈಕುಲುಕಿದರು. ನೇಮಿಯಾ ಧ್ವನಿವರ್ಧಕದ ಮುಂದೆ ವಂದಿಸಿ ಗಡಿಯಾರ ನೋಡಿಕೊಂಡರು. ಕಾಣಿಕೆಗಳನ್ನು ಸಾರಲು ಎಂದಿನಂತೆ ಇಸೋಪೋ ಎಂಬ ಯುವಕ ಲುಂಗಿ ಬಿಗಿದು ಎದ್ದ. ಅಷ್ಟರಲ್ಲಿ ಮಾತಿಲೆ ಬರಿಗಾಲಿನಲ್ಲಿ ಅವನನ್ನು ದಾಟಿ ಬಯಲಿಗೆ ಇಳಿದಿದ್ದಳು.

"ಕೂತ್ಕೋ ತಮ್ಮಾ. ಇವತ್ತು ನಿನ್ನ ಗಂಟಲಿಗೆ ರಜ."

"ಅಕ್ಕಾ, ಇದು ನನ್ನ ಕೆಲ್ಸ!"

"ಹೌದು. ನಾಳೆಯಿಂದ ಮತ್ತೆ ನಿಂದೇ."

ಹೆಂಗಸರ ಕಡೆಯಿಂದ ನಗೆ ಎದ್ದಿತು. ನೇಮಿಯಾ ಧ್ವನಿವರ್ಧಕವನ್ನು ಮತ್ತೆ ಹಿಡಿದರು. "ಮೇಡಂ, ಕಾರ್ಯಕ್ರಮ ಮುಗಿದಿದೆ."

"ಕಾರ್ಯಕ್ರಮ ಮುಗೀತು ಸರ್. ಕಾಣಿಕೆ ಇನ್ನೂ ಇದೆ," ಎಂದು ಅವಳು ಅವರತ್ತ ತಿರುಗದೆಯೇ ಹೇಳಿದಳು. ಆಮೇಲೆ ಎದೆ ತುಂಬ ಉಸಿರೆಳೆದು ಸಾರತೊಡಗಿದಳು.

"ಕೇಳಿ! ಒಂದು ಹಂದಿ, ಇಡೀ ಹಂದಿ! ಒಂದು ಚಾಪೆ! ಕೊಟ್ಟವರು ಫಿಲೇಮು ಅಜ್ಜಿ ಮನೆಯವರು, ಆಚೆ ದಂಡೆಯವರು! ಯಾಕೆ ಕೊಟ್ರು? ಅವರ ಮೊಮ್ಮಗ ತವಿತಾ, ಮೂರನೇ ವಿಭಾಗ! ಹೋದ ವರ್ಷ ಒಂದು ಸಾಲು ಓದೋಕೆ ಆಗ್ತಿರ್ಲಿಲ್ಲ. ಈ ವರ್ಷ ಚರ್ಚಿನಲ್ಲಿ ನಿಂತು ಇಡೀ ಅಧ್ಯಾಯ ಓದಿದ! ಓದುವಾಗ ನಡುಗಿದ, ಆದ್ರೆ ನಿಲ್ಲಿಸ್ಲಿಲ್ಲ!"

ಎಲ್ಲರ ಕಣ್ಣು ಊರ ಪರವಾಗಿ ಮಾತನಾಡುವ ಹಿರಿಯ ತಾವೊಫಿಯತ್ತ ಹೊರಳಿತು. ತಾವೊಫಿ ತನ್ನ ಉದ್ದನೆಯ ಕೋಲನ್ನು ಹಿಡಿದು ಕೂತಿದ್ದ. ಅವನು ಏಳದಿದ್ದರೆ ಕಾಣಿಕೆಯನ್ನು ತಿರಸ್ಕರಿಸಿದಂತಾಗುತ್ತಿತ್ತು. ಆಚೆ ದಂಡೆಯಿಂದ ಬಂದ ನೆಂಟರೆದುರು ಊರ ಮಾನ ಹೋಗುತ್ತಿತ್ತು. ಎದ್ದರೆ ಹೆಂಗಸಿನ ಸಾರುವಿಕೆಯನ್ನು ಒಪ್ಪಿದಂತೆ. ನೇಮಿಯಾ ಅವನ ಕಿವಿಯ ಬಳಿ ಬಾಗಿ ಏನನ್ನೋ ಹೇಳಿದರು. ಮಾತಿಲೆ ಎತ್ತಿದ ಗದ್ದವನ್ನು ಇಳಿಸಲಿಲ್ಲ.

ತಾವೊಫಿ ಕೋಲನ್ನು ನೆಲಕ್ಕೂರಿ ನಿಧಾನವಾಗಿ ಎದ್ದ.

"ಹೆಂಗಸು ಸಾರಿದ್ದನ್ನ ನಾನು ಈ ವಯಸ್ಸಿನವರೆಗೂ ಕೇಳಿರ್ಲಿಲ್ಲ," ಎಂದ. "ಮೇಷ್ಟ್ರು ಇದನ್ನ ನಿಲ್ಲಿಸಿ ಅಂತಿದಾರೆ. ಮೇಷ್ಟ್ರೇ, ಹಂದಿ ನನ್ನ ಕಣ್ಣಿಗೆ ಕಾಣ್ತಾ ಇದೆ. ಕಣ್ಣೆದುರಿಗೇ ಇರೋ ಹಂದೀನ ಇಲ್ಲ ಅನ್ನೋದು ಹೇಗೆ?" ಬಯಲೆಲ್ಲ ಗೊಳ್ಳೆಂದಿತು. ಅವನು ದನಿ ಎತ್ತರಿಸಿದ. "ಆಚೆ ದಂಡೆಯ ಬಂಧುಗಳೇ, ನಿಮ್ಮ ಹಂದಿಗೆ ವಂದನೆ. ನಿಮ್ಮ ಚಾಪೆಗೆ ವಂದನೆ. ಚರ್ಚಿನಲ್ಲಿ ಓದಿದ ನಿಮ್ಮ ತವಿತಾಗೆ ಈ ಊರಿನ ವಂದನೆ!"

ಫಿಲೇಮು ಅಜ್ಜಿ ಕೇಕೆ ಹಾಕಿದ್ದು ಆಗಲೇ. ಬಸ್ಸಿನ ಬಳಗವೆಲ್ಲ ಎದ್ದು ಕುಣಿಯುತ್ತ ಬಂದು ಹುಡುಗನನ್ನು ಹಾರಗಳಲ್ಲಿ ಹೂತುಹಾಕಿತು.

ಮಾತಿಲೆ ನಿಲ್ಲಲಿಲ್ಲ. ಒಂದು ಬುಟ್ಟಿ ಗೆಡ್ಡೆ, ಕಲಾಲಾಳ ಮನೆಯದು. ತಾಯಿ ಆಸ್ಪತ್ರೆಯಲ್ಲಿದ್ದಾಗಲೂ ತಮ್ಮಂದಿರಿಗೆ ಊಟ ಕೊಟ್ಟು, ಲಾವಾ ಬಯಲನ್ನು ನಡೆದು ದಾಟಿ ಶಾಲೆಗೆ ಬಂದವಳು ಅವಳು. ಒಂದು ಗೊನೆ ಬಾಳೆ, ಲೇಮಾನ ಮನೆಯದು.

"ಲೇಮಾ! ಈ ವರ್ಷ ಯಾರಿಗೂ ಹೊಡೆದಿಲ್ಲ!"

"ನನಗೆ ಹೊಡೆದ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ನೀನು ಅವನ ಅಮ್ಮನ್ನ ಬೈದಿದ್ದೆ, ಅದು ಲೆಕ್ಕಕ್ಕಿಲ್ಲ!" ಎಂದಳು ಮಾತಿಲೆ. ತಾವೊಫಿ ನಗು ನುಂಗಿಕೊಂಡು ಬಾಳೆಗೊನೆಗೂ ಲೇಮಾನಿಗೂ ವಂದನೆ ಹೇಳಿದ.

ಹೊರಗೆ ಇಲಾಖೆಯ ಕಾರಿನ ಚಾಲಕ ಹಾರನ್ ಒತ್ತುತ್ತಲೇ ಇದ್ದ. ಅತಿಥಿ ಕದಲಲಿಲ್ಲ. ಕಲಾಲಾಳ ಚಿಕ್ಕಮ್ಮ ಅವರ ಕೊರಳಿಗೂ ಒಂದು ಹಾರ ಹಾಕಿದ್ದಳು. ಅವರು ಅದರಿಂದ ಟಾಫಿ ಕಿತ್ತು ತಿನ್ನುತ್ತ ಚಪ್ಪಾಳೆ ತಟ್ಟುತ್ತಿದ್ದರು. ಹಡಗು ಅವರನ್ನು ಬಿಟ್ಟೇ ಹೋಯಿತು. ವಿಭಾಗದ ಕೊನೆಯ ಮಗುವಿನ ಹೆಸರು ಬರುವ ಹೊತ್ತಿಗೆ ಮಾತಿಲೆಯ ಗಂಟಲು ಹರಿದು ಹೋಗಿತ್ತು. ಆ ಹೆಸರನ್ನು ಅವಳು ಎರಡು ಸಲ ಕೂಗಬೇಕಾಯಿತು.

ಹಂದಿಯನ್ನು ಕೊಯ್ದು ಪಾಲು ಮಾಡುವಾಗ ಹುಡುಗರು ಕತ್ತಿ ಹಿಡಿದು ನಿಂತರು. ಯಾವ ಭಾಗ ಯಾರಿಗೆ ಸಲ್ಲಬೇಕೆಂಬುದಕ್ಕೆ ನಿಯಮವಿದೆ, ಸಾರಿದವನಿಗೂ ಒಂದು ಪಾಲಿದೆ. ಅದನ್ನು ಹೆಂಗಸಿಗೆ ಕೊಡಬಹುದೋ ಎಂದು ಇಸೋಪೋ ತಾವೊಫಿಯನ್ನು ಕೇಳಿದ.

"ನೀನು ಸಾರಿದ್ಯಾ?"

"ಇಲ್ಲ ಹಿರಿಯರೇ."

"ಮತ್ತೆ ಕೇಳೋದೇನು?"

ಮಾತಿಲೆ ಬಾಳೆ ಎಲೆಯಲ್ಲಿ ಸುತ್ತಿದ ಪಾಲನ್ನು ಎರಡೂ ಕೈಗಳಿಂದ ತೆಗೆದುಕೊಂಡಳು. ನೇಮಿಯಾ ಅವಳ ಬಳಿಗೆ ಬಂದದ್ದು ಆಮೇಲೆ. ಅವರ ದನಿಯಲ್ಲಿ ಸಿಟ್ಟಿತ್ತಾದರೂ ಜನರ ನಡುವೆ ಅದನ್ನು ತಗ್ಗಿಸಿಕೊಂಡಿದ್ದರು.

"ಮುಂದಿನ ವರ್ಷ ನಿಮ್ಮನ್ನ ಬೇರೆ ಶಾಲೆಗೆ ವರ್ಗ ಮಾಡೋಕೆ ಬರೀತೀನಿ ಮೇಡಂ."

"ಬರೀರಿ ಸರ್," ಎಂದಳು ಮಾತಿಲೆ, ಒಡೆದ ದನಿಯಲ್ಲಿ. "ಅಲ್ಲೂ ಮೂರನೇ ವಿಭಾಗ ಇರುತ್ತೆ. ಹಂದಿ ಸಾಕೋರೂ ಇರ್ತಾರೆ."